ಮಹಡಿಯ ಕಮೋಡ್ ಬುಡದಲ್ಲಿ ನೀರು ಸೋರುತ್ತಿದೆಯೇ? ಅಮೆರಿಕದಲ್ಲಿ ಹೊಸದಾಗಿ ಮನೆ ಮಾಡಿದವರಿಗೆ

ಊಟದ ಕೋಣೆಯ ಚಾವಣಿಯಲ್ಲಿ ಟೀ ಚೆಲ್ಲಿದ ಹಾಗೆ ಒಂದು ಕಂದು ಕಲೆ. ಅದರ ನೇರಕ್ಕೆ ಮೇಲೆ ಬಾತ್‌ರೂಮ್. ಊರಿನ ಲೆಕ್ಕದಲ್ಲಿ ಇದು ಅವಸರದ ಕೆಲಸವಲ್ಲ, ಮಳೆಗಾಲ ಕಳೆದ ಮೇಲೆ ಪ್ಲಂಬರ್‌ನ ಕರೆಸಿದರಾಯಿತು. ಅಲ್ಲಿ ಬಚ್ಚಲ ಕೆಳಗಿರುವುದು ಕಾಂಕ್ರೀಟ್ ಸ್ಲ್ಯಾಬ್, ಮೂಲೆಯಲ್ಲಿ ನೀರು ಹೋಗಲು ಜಾಲರಿಯೂ ಇರುತ್ತದೆ. ಇಲ್ಲಿ ಟೈಲ್ಸ್ ಅಥವಾ ವಿನೈಲ್ ಕೆಳಗೆ ಬರೀ ಪ್ಲೈವುಡ್ ಇಲ್ಲವೇ ಒಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಲಗೆ, ಅದರ ಕೆಳಗೆ ಮರದ ತೊಲೆಗಳು, ತೊಲೆಗಳಿಗೆ ಹೊಡೆದ ಡ್ರೈವಾಲ್, ಅಂದರೆ ಚಾವಣಿಯ ಜಿಪ್ಸಮ್ ಹಾಳೆ. ಮೂರೂ ನೀರು ಕುಡಿಯುವ ಜಾತಿಯವು. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಆದ್ದರಿಂದ ಕಲೆ ಕಂಡ ದಿನವೇ ಆ ಕಮೋಡ್ ಬಳಸುವುದನ್ನು ನಿಲ್ಲಿಸಿ.

ಬಾಡಿಗೆ ಮನೆಯಾದರೆ ನಿಮ್ಮ ಕೆಲಸ ಇಷ್ಟೇ: ಫೋಟೋ ತೆಗೆಯಿರಿ, ಮ್ಯಾನೇಜ್‌ಮೆಂಟ್ ಆಫೀಸಿಗೆ ಬರವಣಿಗೆಯಲ್ಲಿ ತಿಳಿಸಿ, ಫ್ಲಶ್ ಮಾಡಬೇಡಿ. ನೀವೇ ಕಮೋಡ್ ಎತ್ತಲು ಹೋಗಿ ಏನಾದರೂ ಮುರಿದರೆ ಖರ್ಚು ನಿಮ್ಮ ತಲೆಗೇ ಬರುತ್ತದೆ. ಹೊಸ ಮನೆ ಕೊಂಡು ಒಂದೆರಡು ವರ್ಷವಷ್ಟೇ ಆಗಿದ್ದರೆ ಮೊದಲು ಬಿಲ್ಡರ್ ವಾರಂಟಿ ಕಾಗದ ತೆಗೆದು ನೋಡಿ. ಕೂಡಿಸಿದ ಕೆಲಸಕ್ಕೆ 1 ವರ್ಷ, ಕೊಳಾಯಿ ವ್ಯವಸ್ಥೆಗೆ 2 ವರ್ಷ ಎಂಬುದು ಸಾಮಾನ್ಯ ಪದ್ಧತಿ. ಮನೆಯ ವಿಮೆ ಮಾತ್ರ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ. ಪೈಪು ಒಡೆದು ಒಮ್ಮೆಲೇ ನುಗ್ಗಿದ ನೀರಿಗೆ ಕೊಡುವ ಪಾಲಿಸಿಗಳು ತಿಂಗಳುಗಟ್ಟಲೆ ಜಿನುಗಿದ ನೀರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಿರಿ

ನಮ್ಮವರ ಮನೆಗಳಲ್ಲಿ ಕಮೋಡ್ ಪಕ್ಕ ಒಂದು ಹೆಲ್ತ್ ಫಾಸೆಟ್ ಇದ್ದೇ ಇರುತ್ತದೆ, ಗೋಡೆಯ ನಲ್ಲಿಗೂ ಟ್ಯಾಂಕಿಗೂ ನಡುವೆ ಟೀ (T ಆಕಾರದ ಕವಲು ಜೋಡಣೆ) ಕೂಡಿಸಿ ಹಾಕಿಕೊಂಡದ್ದು. ಮೊದಲ ಅನುಮಾನ ಅದರ ಮೇಲೇ ಇರಲಿ. ಟೀ ಜಾಗದ ವಾಷರ್ ಸರಿಯಾಗಿ ಕೂರದಿದ್ದರೆ ಹನಿಹನಿಯಾಗಿ ಟ್ಯೂಬಿನ ಮೈಮೇಲೆ ಇಳಿದು ಕಮೋಡ್ ಬುಡ ಸೇರುತ್ತದೆ. ನೋಡುವವರಿಗೆ ಬುಡದಿಂದಲೇ ಬಂದಂತೆ ಕಾಣುತ್ತದೆ. ಸ್ಪ್ರೇ ಹಿಡಿಯ ಟ್ಯೂಬಿನಲ್ಲಿ ಸದಾ ಒತ್ತಡ ನಿಲ್ಲಲು ಬಿಡಬಾರದು, ಬಳಸಿದ ಮೇಲೆ ಟೀಯಲ್ಲಿರುವ ಪುಟ್ಟ ವಾಲ್ವ್ ಮುಚ್ಚಬೇಕು. ಊರಿನ ಅಭ್ಯಾಸದಂತೆ ಚೊಂಬಿನಲ್ಲಿ ನೀರು ಸುರಿದು ನೆಲ ತೊಳೆಯುವುದೂ ಇಲ್ಲಿ ನಡೆಯದು. ಆ ನೀರಿಗೆ ಹೋಗಲು ದಾರಿಯೇ ಇಲ್ಲ, ಕಮೋಡ್ ಸುತ್ತಲಿನ ಸಂದಿನಲ್ಲೇ ಇಳಿಯುತ್ತದೆ.

ಬುಡವನ್ನು ಒರೆಸಿ ಒಣಗಿಸಿ, ಸುತ್ತ ಪೇಪರ್ ಟವೆಲ್ ಹಾಸಿ. ಟ್ಯಾಂಕಿಗೆ ನಾಲ್ಕೈದು ಹನಿ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಒಂದು ಗಂಟೆ ಬಿಡಿ. ಬಣ್ಣದ ಹನಿ ಬಿದ್ದರೆ ಟ್ಯಾಂಕಿನ ಬೋಲ್ಟ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ಬಣ್ಣವಿಲ್ಲದ ನೀರಾದರೆ ಸಪ್ಲೈ ಟ್ಯೂಬ್ (ನಲ್ಲಿಯಿಂದ ಟ್ಯಾಂಕಿಗೆ ನೀರು ತರುವುದು), ಟೀ, ಇಲ್ಲವೇ ಸೆಕೆಗಾಲದಲ್ಲಿ ಟ್ಯಾಂಕಿನ ಮೈ ಬೆವರಿದ್ದು. ಎಲ್ಲವೂ ಒಣಗಿಯೇ ಇದ್ದರೆ ಈಗ ಬಣ್ಣವನ್ನು ಬೌಲ್ ನೀರಿಗೆ ಹಾಕಿ ಒಂದೆರಡು ಸಲ ಫ್ಲಶ್ ಮಾಡಿ. ಫ್ಲಶ್ ಆದ ಮೇಲಷ್ಟೇ ಬುಡದಲ್ಲೋ ಕೆಳಗಿನ ಚಾವಣಿಯಲ್ಲೋ ಬಣ್ಣ ಕಂಡರೆ ಕಮೋಡ್ ಮತ್ತು ಪೈಪಿನ ನಡುವಿನ ಸೀಲ್ ಹೋಗಿದೆ ಎಂದರ್ಥ. ಜೊತೆಗೆ ಬೌಲ್‌ನ ಎರಡೂ ಬದಿ ಹಿಡಿದು ಅಲುಗಾಡಿಸಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಅದು ಅಲುಗಾಟವೇ.

ತಪ್ಪು ಮೇಣದ್ದಲ್ಲ, ಫ್ಲೇಂಜಿನದು

ನೆಲದಿಂದ ಮೇಲೆ ಬರುವ 3 ಅಥವಾ 4 ಇಂಚಿನ ಪೈಪಿನ ಬಾಯಿಗೆ ಕೂಡಿಸಿದ ಅಗಲ ಅಂಚಿನ ಬಳೆಯೇ ಫ್ಲೇಂಜ್. ಇಕ್ಕೆಲದ ಸೀಳುಗಳಲ್ಲಿ ಎರಡು ಕ್ಲಾಸೆಟ್ ಬೋಲ್ಟ್ ತಲೆಕೆಳಗಾಗಿ ನಿಂತಿರುತ್ತವೆ, ಅವು ಕಮೋಡನ್ನು ಹಿಡಿದಿಡುತ್ತವೆ. ನಡುವೆ ಕೂರುವುದು ಮೇಣದ ಉಂಗುರ, ಅಂಗಡಿಯಲ್ಲಿ ವ್ಯಾಕ್ಸ್ ರಿಂಗ್ ಎಂದು ಕೇಳಬೇಕು. ಮೇಣ ಒಮ್ಮೆ ಒತ್ತಿದ ಆಕಾರದಲ್ಲೇ ಉಳಿಯುತ್ತದೆ, ರಬ್ಬರಿನಂತೆ ಮತ್ತೆ ಉಬ್ಬುವುದಿಲ್ಲ. ಹೀಗಾಗಿ ಕಮೋಡ್ ಒಮ್ಮೆ ಅಲುಗಿದರೆ ಸಂದು ಬಿಟ್ಟು ಹಾಗೇ ಉಳಿಯುತ್ತದೆ.

ಸೋರಿದಾಗಲೆಲ್ಲ ಹೊಸ ಉಂಗುರ ಹಾಕಿ, ಆರು ತಿಂಗಳಿಗೆ ಮತ್ತೆ ಸೋರಿ, ಮತ್ತೊಂದು ಹಾಕಿ ಸಾಕಾದವರು ಬಹಳ. ಉಂಗುರ 10 ಡಾಲರಿನೊಳಗೆ ಸಿಗುವ ವಸ್ತು, ಅದನ್ನು ಬದಲಿಸುವುದೂ ಸುಲಭ; ಆದರೆ ಕಾಯಿಲೆ ಅದರ ಕೆಳಗಿದೆ. ಫ್ಲೇಂಜಿನ ತಳ ಮುಗಿದ ನೆಲದ ಮೇಲೆ, ಅಂದರೆ ಟೈಲ್ಸಿನ ಮೇಲೆ, ಕೂರಬೇಕು. ಆಗ ಅದರ ಮೇಲ್ಮೈ ನೆಲದಿಂದ ಸುಮಾರು ಕಾಲಿಂಚು ಎತ್ತರದಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಪ್ಲಂಬರ್ ಮೊದಲೇ ಬಂದು ಫ್ಲೇಂಜನ್ನು ಬರೀ ಪ್ಲೈವುಡ್ ಮೇಲೆ ಕೂಡಿಸಿ ಹೋಗಿರುತ್ತಾನೆ. ಟೈಲ್ಸಿನವನು ಆಮೇಲೆ ಬಂದು ಸುತ್ತ ಅರ್ಧ ಇಂಚು ಎತ್ತರಿಸುತ್ತಾನೆ. ಫ್ಲೇಂಜ್ ಗುಂಡಿಯಲ್ಲಿ ಉಳಿಯುತ್ತದೆ, ಮೇಣ ಅಲ್ಲಿಗೆ ಮುಟ್ಟುವುದೇ ಇಲ್ಲ. ಇನ್ನೊಂದು ತಪ್ಪು, ಫ್ಲೇಂಜಿಗೆ ಸ್ಕ್ರೂ ಹೊಡೆಯದೆ ಬರೀ ಪೈಪಿಗೆ ಅಂಟಿಸಿ ಬಿಟ್ಟಿರುವುದು. ಕಮೋಡ್ ಅಲುಗಿದಂತೆ ಫ್ಲೇಂಜೂ ಅಲುಗುತ್ತದೆ.

ಕಮೋಡ್ ಎತ್ತುವುದು

ಹೋಮ್ ಡಿಪೋ ಅಥವಾ ಲೋವ್ಸ್‌ಗೆ ಮೊದಲೇ ಹೋಗಿ ಎರಡು ಉಂಗುರ (ಒಂದು ಸಾಮಾನ್ಯ, ಒಂದು ದಪ್ಪದ್ದು), ಹೊಸ ಕ್ಲಾಸೆಟ್ ಬೋಲ್ಟುಗಳು, ಹೆಣೆದ ಸ್ಟೀಲ್ ಸಪ್ಲೈ ಟ್ಯೂಬ್, ಪ್ಲಾಸ್ಟಿಕ್ ಬೆಣೆಗಳು, ಸ್ಟೇನ್‌ಲೆಸ್ ಸ್ಕ್ರೂ ತಂದಿಟ್ಟುಕೊಳ್ಳಿ. ಬಳಸದ್ದನ್ನು ರಸೀದಿ ಸಮೇತ ಹಿಂತಿರುಗಿಸಬಹುದು, ನಡುರಾತ್ರಿ ಅಂಗಡಿಗೆ ಓಡುವುದು ತಪ್ಪುತ್ತದೆ. ಕಮೋಡ್ ಎತ್ತಲು ಇನ್ನೊಬ್ಬರು ಜೊತೆಗಿರಲೇಬೇಕು.

ಗೋಡೆಯ ನಲ್ಲಿ ಮುಚ್ಚಿ ಫ್ಲಶ್ ಮಾಡಿ, ಹಿಡಿಯನ್ನು ಒತ್ತಿಯೇ ಹಿಡಿದು ಟ್ಯಾಂಕ್ ಖಾಲಿ ಮಾಡಿ. ತಳದಲ್ಲೂ ಬೌಲಿನಲ್ಲೂ ಉಳಿದ ನೀರನ್ನು ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿ. ಎರಡು ತುಂಡಿನ ಕಮೋಡ್ ಆದರೆ ಟ್ಯಾಂಕನ್ನು ಮೊದಲು ಬಿಚ್ಚಿದರೆ ಭಾರ ಕಮ್ಮಿ. ಬುಡದ ನಟ್ ತುಕ್ಕು ಹಿಡಿದು ತಿರುಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಬೋಲ್ಟ್ ಕೊಯ್ಯಿರಿ, ಪಿಂಗಾಣಿಗೆ ಸುತ್ತಿಗೆ ತಾಗಿಸಬೇಡಿ. ಬುಡದ ಅಂಟನ್ನು ಚಾಕುವಿನಿಂದ ಬಿಡಿಸಿ, ಕಮೋಡನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸಿ ಮೇಣ ಬಿಟ್ಟುಕೊಂಡ ಮೇಲೆ ನೇರ ಮೇಲಕ್ಕೆ ಎತ್ತಿ, ಹಳೆ ಬೆಡ್‌ಶೀಟ್ ಮೇಲೆ ಒರಗಿಸಿ.

ತಕ್ಷಣ ಪೈಪಿನ ಬಾಯಿಗೆ ದಪ್ಪ ಬಟ್ಟೆ ತುರುಕಿ. ಅದಕ್ಕೊಂದು ದಾರ ಕಟ್ಟಿ ಹೊರಗೆ ಬಿಟ್ಟಿರಿ. ಬಟ್ಟೆ ಒಳಗೆ ಜಾರಿದರೆ ಅದೊಂದು ಬೇರೆ ಪಾಡು. ಒಳಗಿನಿಂದ ಬರುವುದು ಒಳ್ಳೆಯ ಗಾಳಿಯಲ್ಲ. ಕಿಟಕಿ ತೆರೆದು, ಗ್ಲೌಸ್ ಹಾಕಿ, ಹಳೆ ಮೇಣವನ್ನು ಪುಟ್ಟಿ ನೈಫಿನಿಂದ ಪೂರ್ತಿ ಹೆರೆದು ಕಸದ ಚೀಲಕ್ಕೆ ಹಾಕಿ. ಮೋರಿಗೆ ಹಾಕಬೇಡಿ.

ಈಗ ಸ್ಕ್ರೂಡ್ರೈವರ್ ತುದಿಯಿಂದ ಫ್ಲೇಂಜ್ ಸುತ್ತಲಿನ ಹಲಗೆ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ತುದಿ ನಿಲ್ಲುತ್ತದೆ. ಮೆತ್ತಗಿನ ಬ್ರೆಡ್ಡಿನಂತೆ ಇಳಿದರೆ ಹಲಗೆ ಕೊಳೆತಿದೆ, ಅದಕ್ಕೆ ಹೊಡೆದ ಯಾವ ಸ್ಕ್ರೂವೂ ನಿಲ್ಲುವುದಿಲ್ಲ. ಆ ಭಾಗವನ್ನು ತೊಲೆಯಿಂದ ತೊಲೆಗೆ ಕತ್ತರಿಸಿ ತೆಗೆದು, ಅಂಚುಗಳ ಕೆಳಗೆ ಅಡ್ಡ ಕಟ್ಟಿಗೆ ಕೊಟ್ಟು, ಮುಂಚಿನಷ್ಟೇ ದಪ್ಪದ ಹೊಸ ಪ್ಲೈವುಡ್ ಕೂಡಿಸಬೇಕು. ಕೊಳೆತ ಜಾಗ ಅಂಗೈಯಗಲಕ್ಕಿಂತ ದೊಡ್ಡದಾದರೆ, ತೊಲೆಯೂ ಮೆತ್ತಗಿದ್ದರೆ, ಬಡಗಿಯ ಕೆಲಸ ಗೊತ್ತಿರುವವರನ್ನೇ ಕರೆಯಿರಿ. ಬರೀ ಒದ್ದೆಯಾದರೆ ಫ್ಯಾನ್ ಮತ್ತು ಡೀಹ್ಯುಮಿಡಿಫೈಯರ್ ಇಟ್ಟು ಪೂರ್ತಿ ಒಣಗಿಸಿ. ಇಲ್ಲಿ ಆತುರ ಬೇಡ.

ಅಳೆದು ನಿರ್ಧರಿಸಿ

ನೇರವಾದ ಒಂದು ಮರದ ಪಟ್ಟಿಯನ್ನು ಟೈಲ್ಸ್ ಮೇಲೆ, ಫ್ಲೇಂಜಿನ ಅಡ್ಡಕ್ಕೆ ಇಟ್ಟು ಅಳೆಯಿರಿ. ಫ್ಲೇಂಜಿನ ಮೇಲ್ಮೈ ನೆಲದ ಸಮದಿಂದ ಕಾಲಿಂಚು ಮೇಲಿನವರೆಗೆ ಇದ್ದರೆ ಸಾಮಾನ್ಯ ಉಂಗುರ ಸಾಕು. ನೆಲಕ್ಕಿಂತ ಕಾಲಿಂಚು ಕೆಳಗಿದ್ದರೆ ದಪ್ಪ ಉಂಗುರ ಹಾಕಿ ನಿಭಾಯಿಸಬಹುದು. ಅದಕ್ಕಿಂತ ಕೆಳಗಿದ್ದರೆ ಫ್ಲೇಂಜ್ ಎಕ್ಸ್‌ಟೆಂಡರ್, ಅಂದರೆ ಎತ್ತರಿಸುವ ಬಿಲ್ಲೆ, ಬೇಕೇ ಬೇಕು. ಎರಡು ಮೇಣದ ಉಂಗುರ ಒಂದರ ಮೇಲೊಂದು ಪೇರಿಸುವ ಉಪಾಯವನ್ನು ಹಲವರು ಹೇಳುತ್ತಾರೆ, ನಂಬಬೇಡಿ. ಮುಂದೆ ಕಮೋಡ್ ಕಟ್ಟಿಕೊಂಡು ಪ್ಲಂಜರ್ ಒತ್ತಿದ ದಿನ ಆ ಮೇಣದ ರಾಶಿ ಪಕ್ಕಕ್ಕೆ ಜಾರುತ್ತದೆ.

ಬಿಲ್ಲೆಗಳು ಕಾಲಿಂಚು, ಅರ್ಧ ಇಂಚು ದಪ್ಪದಲ್ಲಿ ಸಿಗುತ್ತವೆ. ಫ್ಲೇಂಜನ್ನು ಒರೆಸಿ ಒಣಗಿಸಿ, ಸಿಲಿಕೋನಿನ ದಪ್ಪ ಗೆರೆ ಎಳೆದು ಬಿಲ್ಲೆ ಕೂರಿಸಿ. ಎರಡು ಬಿಲ್ಲೆ ಇದ್ದರೆ ನಡುವೆಯೂ ಸಿಲಿಕೋನ್ ಬೇಕು. ಸ್ಕ್ರೂ ಬಿಲ್ಲೆ, ಫ್ಲೇಂಜ್ ಎರಡನ್ನೂ ದಾಟಿ ಹಲಗೆಯೊಳಗೆ ಕನಿಷ್ಠ ಮುಕ್ಕಾಲಿಂಚು ಇಳಿಯುವಷ್ಟು ಉದ್ದವಿರಲಿ. ಸಾದಾ ಸ್ಕ್ರೂ ಕೆಲವೇ ವರ್ಷದಲ್ಲಿ ತುಕ್ಕಾಗುತ್ತದೆ, ಸ್ಟೇನ್‌ಲೆಸ್ಸೇ ತನ್ನಿ. ಎತ್ತರ ಹೆಚ್ಚಿದ್ದರಿಂದ ಬೋಲ್ಟೂ ಉದ್ದದ್ದು ಬೇಕು, ಮೂರೂವರೆ ಇಂಚಿನದು ಸಿಗುತ್ತದೆ.

ಎತ್ತರ ಸರಿಯಿದ್ದು ಬೋಲ್ಟ್ ಹಿಡಿಯುವ ಸೀಳು ಮಾತ್ರ ಮುರಿದಿದ್ದರೆ, ಫ್ಲೇಂಜ್ ಮೇಲೆ ಸ್ಕ್ರೂ ಮಾಡುವ ಸ್ಟೇನ್‌ಲೆಸ್ ರಿಪೇರಿ ಬಳೆ ಸಾಕು. ಫ್ಲೇಂಜ್ ನೆಲದಿಂದ ಅರ್ಧ ಇಂಚಿಗಿಂತ ಮೇಲೆದ್ದು ಕಮೋಡ್ ಅದರ ಮೇಲೇ ತೂಗುತ್ತಿದ್ದರೆ, ಅಥವಾ ಪೈಪಿನ ಜೋಡಣೆಯೇ ಬಿಟ್ಟಿದ್ದರೆ, ಪೈಪ್ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಪೈಪುಗಳಲ್ಲೇ ಬಿಳಿ ಪಿವಿಸಿಗೂ ಕಪ್ಪು ಎಬಿಎಸ್‌ಗೂ ಅಂಟು ಬೇರೆ ಬೇರೆ, ಹಳೆ ಮನೆಯ ಬೀಡುಕಬ್ಬಿಣಕ್ಕೆ ವಿದ್ಯೆಯೇ ಬೇರೆ, ಊರೂರಿಗೆ ಪರ್ಮಿಟ್ ನಿಯಮವೂ ಬೇರೆ. ಲೈಸೆನ್ಸ್ ಇರುವ ಪ್ಲಂಬರ್‌ಗೆ ದುಡ್ಡು ಕೊಡಬೇಕಾದ ಜಾಗ ಇದು.

ಮತ್ತೆ ಕೂರಿಸುವುದು

ಮೇಣ ಹಾಕುವ ಮೊದಲು ಕಮೋಡನ್ನು ಒಣ ನೆಲದ ಮೇಲೆ ಬೋಲ್ಟಿಗೆ ಸೇರಿಸಿ ಒಮ್ಮೆ ಕೂರಿಸಿ ನೋಡಿ. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ನೆಲ ಏರುಪೇರಾಗಿ ಕಮೋಡ್ ತೊನೆಯುತ್ತಿದ್ದರೆ ಸಂದಿಗೆ ಪ್ಲಾಸ್ಟಿಕ್ ಬೆಣೆ ಕೊಟ್ಟು ಅಲುಗಾಟ ನಿಲ್ಲಿಸಿ, ಬೆಣೆಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಕಮೋಡ್ ಎತ್ತಿಡಿ. ಮೇಣ ಒತ್ತಿದ ಮೇಲೆ ಬೆಣೆ ಹುಡುಕುತ್ತ ಅಲುಗಿಸಿದರೆ ಹೊಸ ಉಂಗುರ ಅಲ್ಲಿಗೇ ಕೆಟ್ಟಿತು.

ಬಟ್ಟೆ ತೆಗೆದಿರಾ? ತೆಗೆಯಿರಿ. ಬೋಲ್ಟುಗಳು ಹಿಂಗೋಡೆಗೆ ಸಮಾನಾಂತರವಾಗಿ, ಎರಡೂ ಒಂದೇ ದೂರದಲ್ಲಿ ನೆಟ್ಟಗೆ ನಿಲ್ಲಬೇಕು. ಗೋಡೆಯಿಂದ ಬೋಲ್ಟಿಗೆ ಸಾಮಾನ್ಯ ಅಂತರ 12 ಇಂಚು. ಚಳಿಗಾಲದಲ್ಲಿ ಉಂಗುರವನ್ನು ಗರಾಜಿನಲ್ಲಿ ಇಟ್ಟಿದ್ದರೆ ಹಿಂದಿನ ರಾತ್ರಿಯೇ ಒಳಗೆ ತನ್ನಿ, ತಣ್ಣಗಿನ ಮೇಣ ಹರಡದೆ ಬಿರಿಯುತ್ತದೆ. ಉಂಗುರವನ್ನು ಫ್ಲೇಂಜಿನ ಮೇಲೆ ನಡುವಿಗೆ ಇಟ್ಟು, ಇಬ್ಬರು ಹಿಡಿದು ಕಮೋಡನ್ನು ನೇರ ಕೆಳಗಿಳಿಸಿ. ತಿರುಗಿಸಬೇಡಿ, ಮತ್ತೆ ಎತ್ತಬೇಡಿ. ಎತ್ತಿದರೆ ಮತ್ತೊಂದು ಹೊಸ ಉಂಗುರವೇ ಬೇಕು. ಮೇಲೆ ಕೂತು ಮೈಭಾರ ಬಿಡಿ, ಬುಡ ನೆಲ ಮುಟ್ಟುವವರೆಗೆ.

ಎಡದ ನಟ್‌ಗೆ ಅರ್ಧ ಸುತ್ತು, ಬಲದ ನಟ್‌ಗೆ ಅರ್ಧ ಸುತ್ತು ಎಂಬಂತೆ ಬಿಗಿಯುತ್ತ ಬನ್ನಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು: ಅಲುಗಾಟ ನಿಂತ ಕ್ಷಣವೇ ಕೈ ತೆಗೆಯಿರಿ, ಇನ್ನೂ ಒಂದು ಸುತ್ತಿಗೆ ಹೋದರೆ ಪಿಂಗಾಣಿ ಟಕ್ಕೆಂದು ಬಿರುಕು ಬಿಡುತ್ತದೆ. ಸಪ್ಲೈ ಟ್ಯೂಬಿನ ಪ್ಲಾಸ್ಟಿಕ್ ನಟ್‌ಗೆ ಸ್ಪ್ಯಾನರ್ ಹಾಕುವುದೇ ಬೇಡ, ಕೈಬಿಗಿ ಸಾಕು.

ನಲ್ಲಿ ತೆರೆದು ಏಳೆಂಟು ಸಲ ಫ್ಲಶ್ ಮಾಡಿ, ಒಬ್ಬರು ಕೆಳಗೆ ಟಾರ್ಚ್ ಹಿಡಿದು ನೋಡಲಿ. ಸಿಲಿಕೋನ್ ಹಾಕಿದ್ದರೆ ಅದರ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾದು ಈ ಪರೀಕ್ಷೆ ಮಾಡಿ. ಬುಡದ ಸುತ್ತ ಕಾಕ್ (ಸಂದು ಮುಚ್ಚುವ ಅಂಟು) ಹಚ್ಚುವಾಗ ಹಿಂಬದಿಯಲ್ಲಿ ಎರಡು ಮೂರು ಇಂಚು ಬಿಡಿ. ಪೂರ್ತಿ ಮುಚ್ಚಿದರೆ ಮುಂದಿನ ಸೋರಿಕೆ ನೆಲದ ಮೇಲೆ ಕಾಣುವ ಬದಲು ನೇರ ಊಟದ ಕೋಣೆಗೆ ಇಳಿಯುತ್ತದೆ. ಒಂದು ವಾರದ ಬಳಿಕ ಮತ್ತೊಮ್ಮೆ ಅಲುಗಿಸಿ ನೋಡಿ, ನಟ್ ಸಡಿಲವೆನಿಸಿದರೆ ಕಾಲು ಸುತ್ತು ಬಿಗಿಯಿರಿ.

ಚಾವಣಿ ಕೊನೆಗೆ. ಡ್ರೈವಾಲ್ ನೀರು ತುಂಬಿ ಉಬ್ಬಿದ್ದರೆ ಮೊದಲ ದಿನವೇ ಆ ಭಾಗದ ದೀಪದ ಬ್ರೇಕರ್ ಇಳಿಸಿ, ಕೆಳಗೆ ಬಕೆಟ್ ಇಟ್ಟು, ಉಬ್ಬಿನ ನಡುವೆ ಸ್ಕ್ರೂಡ್ರೈವರಿನಿಂದ ಒಂದು ತೂತು ಮಾಡಿ ನೀರಿಳಿಸಬೇಕು. ಇಲ್ಲದಿದ್ದರೆ ಇಡೀ ಹಾಳೆ ಕುಸಿಯುತ್ತದೆ. 1980ಕ್ಕಿಂತ ಹಳೆಯ ಮನೆಯ ಹರಳುಹರಳಾದ ಚಾವಣಿಯಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಮಾಡಿಸದೆ ಹೆರೆಯಬೇಡಿ. ಎರಡು ವಾರ ಕಲೆ ಬೆಳೆಯದಿದ್ದರೆ, ಕೈಗೆ ಒಣಗಿದ್ದೆನಿಸಿದರೆ, ಮೊದಲು ಶೆಲ್ಯಾಕ್ (ಅರಗು) ಅಥವಾ ಎಣ್ಣೆ ಮೂಲದ ಕಲೆ ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ. ಪ್ರೈಮರ್ ಬಿಟ್ಟು ನೇರ ಸುಣ್ಣದ ಬಿಳಿ ಪೇಂಟ್ ಹೊಡೆದರೆ ಆ ಟೀ ಬಣ್ಣ ಮೂರೇ ದಿನದಲ್ಲಿ ಮತ್ತೆ ಇಣುಕುತ್ತದೆ.