ಸೊಪ್ಪು ತಿಂದ, ಹುಲ್ಲು ಮುಟ್ಟಲಿಲ್ಲ

ಫ್ರಿಜ್ ಬಾಗಿಲು ತೆಗೆದರೆ ಸಾಕು, ನಮ್ಮ ಗಿನಿ ಪಿಗ್ ಗುಂಡ ಮನೆಯೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಆ ರಾತ್ರಿ ಕೂಗಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡು ಸುಮ್ನೆ ಮಲಗಿದೆ. ನನ್ನ ಮೊದಲನೇ ತಪ್ಪು ಅದು.

ಬೆಳಿಗ್ಗೆ ನೋಡಿದರೆ ಮೈ ಮುದುಡಿಕೊಂಡು, ರೋಮ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಹಲ್ಲು ಕಡಿಯುವ ಸಣ್ಣ ಸದ್ದು. ಅದು ನೋವಿನ ಗುರುತು ಅಂತ ನನಗೆ ಆಮೇಲೆ ತಿಳಿಯಿತು. ಯಾವಾಗಲೂ ಉದ್ದುದ್ದಕ್ಕೆ ನಯವಾಗಿರುತ್ತಿದ್ದ ಹಿಕ್ಕೆ ಅಕ್ಕಿ ಕಾಳಿನಷ್ಟಾಗಿತ್ತು. ಅದೂ ಒಣಗಿದ ನಾಲ್ಕೇ ನಾಲ್ಕು. ತೂಕ ಹಾಕಿದೆ. ಹಿಂದಿನ ವಾರ 1,040 ಗ್ರಾಂ ಇದ್ದವನು 982ಕ್ಕೆ ಇಳಿದಿದ್ದ. ಕಣ್ಣಿಗೆ ಅಷ್ಟೇ ಗುಂಡಗೆ ಕಾಣುತ್ತಿದ್ದ ನೋಡಿ, ರೋಮದ ಕೆಳಗೆ ಏನೂ ಗೊತ್ತಾಗುವುದಿಲ್ಲ.

ಈ ಪ್ರಾಣಿಯ ಕರುಳು ಸದಾ ಓಡುತ್ತಲೇ ಇರಬೇಕು. ಹುಲ್ಲಿನ ನಾರು ಒಳಗೆ ಹೋಗುತ್ತಿದ್ದರೆ ಮಾತ್ರ ಅದು ಓಡುತ್ತದೆ. ತಿನ್ನುವುದು ನಿಂತರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಿಗೆ ಇನ್ನೂ ತಿನ್ನುವುದಿಲ್ಲ. ವಾಂತಿ ಮಾಡಿ ಹಗುರಾಗೋಣ ಅಂದರೆ ಅದೂ ಇವಕ್ಕೆ ಆಗುವುದಿಲ್ಲ. ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಗಿನಿ ಪಿಗ್ ನೋಡಿ ಅಭ್ಯಾಸ ಇರುವ ಪಶುವೈದ್ಯರ ಹತ್ತಿರ ಓಡಿದೆ. ಅವರು ಹೊಟ್ಟೆ ಒತ್ತಿ ನೋಡಿದರು. ಸ್ಟೆತಸ್ಕೋಪಿಗೆ ಕರುಳಿನ ಸದ್ದು ಸಿಗಲೇ ಇಲ್ಲ. ಎಕ್ಸ್‌ರೇ ತೆಗೆದು ಎಲ್ಲೂ ಅಡ್ಡ ಸಿಕ್ಕಿಕೊಂಡಿಲ್ಲ, ಹೊಟ್ಟೆ ತಿರುಚಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ಬಾಯಿಗೆ ಬಲವಂತವಾಗಿ ಏನೂ ಹಾಕಬಾರದಂತೆ. ದವಡೆ ಹಲ್ಲನ್ನೂ ನೋಡಿದರು. ಇವುಗಳ ಹಲ್ಲು ಬದುಕಿರುವ ತನಕ ಬೆಳೆಯುತ್ತದೆ, ಹಿಂದಿನ ಹಲ್ಲು ಜಾಸ್ತಿ ಬೆಳೆದರೂ ತಿನ್ನುವುದು ಬಿಡುತ್ತವೆ. ಅದೆಲ್ಲ ಸರಿಯಿತ್ತು.

"ಹುಲ್ಲು ಸರಿಯಾಗಿ ಹಾಕ್ತಿದ್ರಾ?" ಅಂದರು.

ಹಾಕುತ್ತಿರಲಿಲ್ಲ. ಒಣಹುಲ್ಲು ಖಾಲಿಯಾಗಿ ನಾಲ್ಕು ದಿನ ಆಗಿತ್ತು. ಪೆಲೆಟ್ ಅನ್ನುವ ಒಣ ಗುಳಿಗೆ ಆಹಾರ, ಸೌತೆಕಾಯಿ, ಸೊಪ್ಪಿನಲ್ಲೇ ತಳ್ಳಿದ್ದೆ. ಹೊಟ್ಟೆ ತುಂಬಿದರೆ ಸಾಕಲ್ವಾ ಅನ್ನುವುದು ನನ್ನ ಲೆಕ್ಕ.

ಚರ್ಮದ ಕೆಳಗೆ ದ್ರವ ಕೊಟ್ಟರು, ನೋವಿಗೆ ಒಂದು ಔಷಧ, ಕರುಳು ಓಡಿಸಲು ಇನ್ನೊಂದು. ಪ್ರಮಾಣ ಇಲ್ಲಿ ಬರೆಯುವುದಿಲ್ಲ, ಅದು ಆಯಾ ಪ್ರಾಣಿಯನ್ನು ನೋಡಿದ ಡಾಕ್ಟರೇ ಹೇಳಬೇಕಾದದ್ದು. ಮನೆಯಲ್ಲಿ ಉಳಿದ ಅಮೋಕ್ಸಿಸಿಲಿನ್ ಒಂದು ಹನಿ ಹಾಕಲಾ ಅಂತ ನಾನು ಕೇಳಿದ್ದಕ್ಕೆ ಅವರು ಬೆಚ್ಚಿಬಿದ್ದರು. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಹೋದರೆ ಗಿನಿ ಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಕಾರುವ ಬೇರೆ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತವೆ. ಜೀವವೇ ಹೋಗಬಹುದು.

ಉಳಿದ ಕೆಲಸ ನನ್ನದು: ಸಿರಿಂಜ್‌ನಲ್ಲಿ ಊಟ. ಹುಲ್ಲಿನ ನಾರಿರುವ ಪುಡಿ ಬರುತ್ತದೆ, ಕಾಯಿಲೆ ಬಿದ್ದ ಪ್ರಾಣಿಗೆಂದೇ ಮಾಡಿದ್ದು. ಅದರಲ್ಲಿ ವಿಟಮಿನ್ ಸಿ ಕೂಡ ಇರುತ್ತದೆ. ನಮ್ಮ ಹಾಗೆ ಗಿನಿ ಪಿಗ್‌ಗಳೂ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರವು. ಪುಡಿಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಗಂಜಿಯ ಹದಕ್ಕೆ ಕಲಸುತ್ತಿದ್ದೆ. ದಿನಕ್ಕೆ 60 ಎಂಎಲ್, ಐದಾರು ಸಲಕ್ಕೆ ಹಂಚಿ. ರಾತ್ರಿಯೂ ಅಲಾರಂ ಇಟ್ಟು ಏಳಬೇಕಿತ್ತು.

ಮೊದಲ ದಿನ ಅರ್ಧಕ್ಕರ್ಧ ನನ್ನ ಅಂಗಿ ಮೇಲೆ. ಆಮೇಲೆ ಉಪಾಯ ಹೊಳೆಯಿತು. ಮುಂಗಾಲು ಹೊರಗೆ ಬರದ ಹಾಗೆ ಟವೆಲ್ ಸುತ್ತಿ, ಅವನ ಹಿಂಭಾಗ ನನ್ನ ಹೊಟ್ಟೆಗೆ ತಾಗುವಂತೆ ತೊಡೆ ಮೇಲೆ ಕೂರಿಸಿಕೊಂಡೆ. ಹಿಂದೆ ಜಾರಲು ಜಾಗವೇ ಇಲ್ಲ. ಮಗುವಿನ ಹಾಗೆ ಅಂಗಾತ ಮಲಗಿಸುವುದು ಬೇಡವೇ ಬೇಡ, ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. 1 ಎಂಎಲ್‌ನ ಸಣ್ಣ ಸಿರಿಂಜ್ ಒಳ್ಳೆಯದು. ಮುಂದಿನ ಹಲ್ಲಿನ ಹಿಂದೆ, ಕೆನ್ನೆಯ ಕಡೆ ಹಲ್ಲಿಲ್ಲದ ಖಾಲಿ ಜಾಗ ಇದೆ. ಅಲ್ಲಿಂದ ಪಕ್ಕಕ್ಕೆ ತೂರಿಸಿ ಅರ್ಧ ಎಂಎಲ್ ಒತ್ತಿ ನಿಲ್ಲಿಸಬೇಕು. ದವಡೆ ಆಡುವುದು ಕಾಣಬೇಕು, ಆಮೇಲೆ ಇನ್ನರ್ಧ. ಪ್ರತಿ ಸಲವೂ ಗಲ್ಲ ಒರೆಸಿ. ಗಂಜಿ ಒಣಗಿದರೆ ರೋಮ ಗಟ್ಟಿಯಾಗಿ ಕೆಳಗೆ ಚರ್ಮ ಹುಣ್ಣಾಗುತ್ತದೆ.

ಜೊತೆಗಾರ ಕರಿಯನನ್ನು ಬೇರೆ ಮಾಡಲು ಮನಸ್ಸು ಬರಲಿಲ್ಲ. ಆದರೆ ಇಬ್ಬರೂ ಒಟ್ಟಿಗಿದ್ದರೆ ಯಾವ ಹಿಕ್ಕೆ ಯಾರದು? ಗೂಡಿನ ನಡುವೆ ತಂತಿ ಜಾಲರಿ ನಿಲ್ಲಿಸಿ, ಗುಂಡನ ಕಡೆ ಬಿಳಿ ಬಟ್ಟೆ ಹಾಸಿದೆ. ಹಿಕ್ಕೆ ಎಣಿಸಿ ಚೀಟಿಯಲ್ಲಿ ಬರೆಯುವುದು ಮನೆಯವರಿಗೆಲ್ಲ ತಮಾಷೆ. ನನಗೆ ಮಾತ್ರ ಅದು ಪರೀಕ್ಷೆಯ ಫಲಿತಾಂಶ. ಎರಡನೇ ದಿನ ಹನ್ನೊಂದು, ಮೂರನೇ ದಿನ ಮೂವತ್ತು ದಾಟಿತು.

ಅದೇ ಮೂರನೇ ದಿನ ಸಂಜೆ ಕೊತ್ತಂಬರಿ ಸೊಪ್ಪಿನ ಎರಡು ಎಸಳನ್ನು ತಾನಾಗಿಯೇ ಎಳೆದುಕೊಂಡು ತಿಂದ. ಕುಣಿದಾಡಿಬಿಟ್ಟೆ. ಹುಷಾರಾದ ಅಂತ ರಾತ್ರಿಯ ಎರಡು ಊಟ ಬಿಟ್ಟು ಹಾಯಾಗಿ ಮಲಗಿದೆ. ಬೆಳಿಗ್ಗೆ ತೂಕ 958ರಿಂದ 931ಕ್ಕೆ ಬಂದಿತ್ತು, ಹಿಕ್ಕೆ ಮತ್ತೆ ಸಣ್ಣದಾಗಿತ್ತು. ಫೋನಿನಲ್ಲಿ ಡಾಕ್ಟರ್ ಬೈಯಲಿಲ್ಲ, ಇಷ್ಟೇ ಅಂದರು: "ಸೊಪ್ಪು ಬಾಯಿ ರುಚಿಗೆ. ಹುಲ್ಲು ತಿಂದ ಮೇಲೆ ಹೇಳಿ."

ಅಂದಿನಿಂದ ನನ್ನ ಲೆಕ್ಕ ಬದಲಾಯಿತು. ಎಷ್ಟು ಲವಲವಿಕೆಯಿಂದ ಓಡಾಡಿದರೂ ನಂಬಲಿಲ್ಲ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ತಕ್ಕಡಿಯಲ್ಲಿ ತೂಗಿದೆ. ತೂಕ ಇಳಿಯದಿದ್ದರೆ ಮಾತ್ರ ಒಂದು ಊಟ ಕಡಿಮೆ, ಇಳಿದರೆ ವಾಪಸ್. ನೋವಿನ ಔಷಧವನ್ನೂ ಡಾಕ್ಟರ್ ಹೇಳುವ ತನಕ ನಿಲ್ಲಿಸಲಿಲ್ಲ.

ಆರನೇ ರಾತ್ರಿ ಮೂರು ಗಂಟೆಗೆ ಗಂಜಿ ಕಲಸುತ್ತಿದ್ದೆ. ಕತ್ತಲಲ್ಲಿ ಕರಕರ ಸದ್ದು. ಕರಿಯ ಇರಬೇಕು ಅಂತ ಟಾರ್ಚ್ ಬಿಟ್ಟೆ. ಕರಿಯ ನಿದ್ದೆಯಲ್ಲಿದ್ದ. ಜಾಲರಿಯ ಈಚೆ ಗುಂಡನ ಬಾಯಲ್ಲಿ ಉದ್ದನೆಯ ಒಂದು ಕಡ್ಡಿ ಹುಲ್ಲು ನಿಧಾನವಾಗಿ ಒಳಗೆ ಹೋಗುತ್ತಿತ್ತು. ಆದರೂ ಆ ಹೊತ್ತಿನ ಸಿರಿಂಜ್ ತಪ್ಪಿಸಲಿಲ್ಲ. ಪೂರ್ತಿ ನಿಲ್ಲಿಸುವ ಹೊತ್ತಿಗೆ ಹತ್ತು ದಿನ ಆಗಿತ್ತು.

ಈಗ ಒಂದು ಚೀಲ ಹುಲ್ಲು ಒಡೆದ ದಿನವೇ ಇನ್ನೊಂದು ತಂದಿಡುತ್ತೇನೆ. ಭಾನುವಾರ ಇಬ್ಬರಿಗೂ ತಕ್ಕಡಿ. ಗುಂಡ 1,030ಕ್ಕೆ ಬಂದಿದ್ದಾನೆ. ಫ್ರಿಜ್ ತೆಗೆದರೆ ಕೂಗುತ್ತಾನೆ, ನಾನು ಟವೆಲ್ ಹಿಡಿದು ಬಂದರೆ ಮಾತ್ರ ಕರಿಯನ ಬೆನ್ನ ಹಿಂದೆ ಅಡಗುತ್ತಾನೆ.