ಹೊಸ ಹೋಮ್‌ಸ್ಟೇ ಜಾಲತಾಣಕ್ಕೆ ಗೂಗಲ್ ಹುಡುಕಾಟದಿಂದ ಜನರನ್ನು ಕರೆತರುವುದು ಹೇಗೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹೋಮ್‌ಸ್ಟೇ ನಡೆಸುವ ಅನೇಕರು ಈಗ ಸ್ವಂತ ಜಾಲತಾಣ ಮಾಡಿಸಿಕೊಳ್ಳುತ್ತಿದ್ದಾರೆ. ತಾಣ ಸಿದ್ಧವಾದ ಮಾತ್ರಕ್ಕೆ ಜನ ಬರುವುದಿಲ್ಲ. ಜಾಹೀರಾತಿಗೆ ಹಣ ಸುರಿಯದೆಯೂ ಅವರನ್ನು ಕರೆತರಬಹುದು. ಅದಕ್ಕೆ ಕೆಲವು ತಿಂಗಳ ತಾಳ್ಮೆಯೂ ನಿಮ್ಮ ಊರಿನ ಬಗ್ಗೆ ನಿಮಗಿರುವ ತಿಳಿವಳಿಕೆಯೂ ಬೇಕು.

ನಿಮ್ಮ ತಾಣ ಗೂಗಲ್‌ಗೆ ಗೊತ್ತಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಿ. ಗೂಗಲ್ ಸರ್ಚ್ ಕನ್ಸೋಲ್ ಉಚಿತ ಸೇವೆ. ಅದರಲ್ಲಿ ತಾಣದ ಒಡೆತನವನ್ನು ದೃಢಪಡಿಸಿ ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸಿದರೆ ಯಾವ ಪುಟ ಗೂಗಲ್‌ನ ಹುಡುಕಾಟದ ಪಟ್ಟಿಯಲ್ಲಿ ದಾಖಲಾಗಿದೆ, ಯಾವುದು ಆಗಿಲ್ಲ, ಏಕೆ ಆಗಿಲ್ಲ ಎಂಬುದು ತಿಳಿಯುತ್ತದೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗವನ್ನೂ ತೆರೆದು ನೋಡಬೇಕು. ಸರ್ಚ್ ಎಂಜಿನ್‌ಗಳು ಈ ತಾಣವನ್ನು ದಾಖಲಿಸದಿರಲಿ ಎಂಬ ಆಯ್ಕೆಗೆ ಅಲ್ಲಿ ಟಿಕ್ ಬಿದ್ದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಇನ್ನು ಬರೆಯಬೇಕಾದದ್ದೇನು ಎಂಬ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಹೊಸ ತಾಣದ ಗೆಲುವು ಸೋಲು ನಿಂತಿರುವುದು ಇದರ ಮೇಲೆಯೇ. ‘ಶಿವಮೊಗ್ಗ ಹೋಮ್‌ಸ್ಟೇ’ ಎಂಬ ಹುಡುಕಾಟದಲ್ಲಿ ದೊಡ್ಡ ಬುಕಿಂಗ್ ತಾಣಗಳನ್ನು ಹಿಂದಿಕ್ಕುವುದು ಬಹಳ ಕಷ್ಟ. ಆದರೆ ಪ್ರವಾಸಕ್ಕೆ ಹೊರಟವರ ಮನಸ್ಸಿನಲ್ಲಿ ಸಣ್ಣ, ಖಚಿತ ಪ್ರಶ್ನೆಗಳಿರುತ್ತವೆ: ಜೋಗದಲ್ಲಿ ಈಗ ನೀರಿದೆಯೇ, ಕೊಡಚಾದ್ರಿಗೆ ಜೀಪು ಎಲ್ಲಿ ಸಿಗುತ್ತದೆ, ಮಳೆಗಾಲದಲ್ಲಿ ಕವಲೇದುರ್ಗ ಹತ್ತಬಹುದೇ? ಸಿಗಂದೂರಿನ ಉದಾಹರಣೆಯನ್ನೇ ನೋಡಿ. ಸಾಗರದ ಕಡೆಯಿಂದ ಬರುವವರು ಶರಾವತಿ ಹಿನ್ನೀರನ್ನು ದಶಕಗಳ ಕಾಲ ಲಾಂಚ್‌ನಲ್ಲಿ ದಾಟುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಾಯುವಿಕೆ ತಪ್ಪಿತು. ಲಾಂಚ್ ಹೊರಡುವ ಹೊತ್ತನ್ನು ವಿವರಿಸುವ ಹಳೆಯ ಪುಟದಿಂದ ಇಂದಿನ ಪ್ರವಾಸಿಗೆ ಪ್ರಯೋಜನವಿಲ್ಲ. ಸೇತುವೆಯ ಮೇಲಿನ ದಾರಿ, ನಿಮ್ಮ ಮನೆಯಿಂದ ಹಿಡಿಯುವ ಸಮಯ, ವಾಹನ ನಿಲ್ಲಿಸುವ ಜಾಗ ಇವನ್ನು ನೀವೇ ಹೋಗಿ ನೋಡಿ, ಸ್ವಂತ ಚಿತ್ರಗಳೊಂದಿಗೆ ಬರೆದರೆ ದೂರದಲ್ಲಿ ಕುಳಿತು ಬರೆದ ಯಾವ ಪುಟವೂ ಅದಕ್ಕೆ ಸಾಟಿಯಾಗಲಾರದು. ಒಂದು ಪ್ರಶ್ನೆಗೆ ಒಂದು ಪುಟವಿರಲಿ.

ಪುಟದ ಶೀರ್ಷಿಕೆಯಲ್ಲಿ ಜನ ಟೈಪ್ ಮಾಡುವ ಮಾತುಗಳೇ ಇರಲಿ. ಊರಿನ ಹೆಸರು 2014ರಲ್ಲಿ ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ಶಿವಮೊಗ್ಗ ಎಂದಾಗಿದ್ದರೂ ‘ಶಿಮೊಗ’ ಎಂದು ಹುಡುಕುವವರು ಇಂದಿಗೂ ಇದ್ದಾರೆ; ಇಂಗ್ಲಿಷ್ ಪುಟದಲ್ಲಿ ಎರಡೂ ರೂಪಗಳು ಸಹಜವಾಗಿ ಬರಲಿ. ಒಂದೇ ಪದವನ್ನು ಸಾಲುಸಾಲಿಗೂ ತುರುಕಬೇಡಿ, ಅದನ್ನು ಗೂಗಲ್ ಸ್ಪ್ಯಾಮ್ ಎಂದೇ ಪರಿಗಣಿಸುತ್ತದೆ. ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಹುಡುಕಾಟದ ಪದಗಳನ್ನು ಪಟ್ಟಿ ಮಾಡುವ ಕೀವರ್ಡ್ ಮೆಟಾ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿರುವುದರಿಂದ ಅದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ. ಕನ್ನಡ ಪುಟಗಳು ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲೇ ಇರಬೇಕು: ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿರುವ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಯೇ ಉಳಿಯುತ್ತದೆ. ಬರಹವನ್ನು ಚಿತ್ರವಾಗಿಸಿ ಹಾಕುವುದೂ ಬೇಡ.

ಗೂಗಲ್ ದಾಖಲಿಸುವುದು ತಾಣದ ಮೊಬೈಲ್ ರೂಪವನ್ನು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಅದರ ಮಾನದಂಡ. ಸಿಗ್ನಲ್ ಸರಿಯಾಗಿ ಸಿಗದ ಘಟ್ಟದ ದಾರಿಯಲ್ಲಿ ನಿಂತು ನಿಮ್ಮ ಫೋನ್ ನಂಬರ್ ಹುಡುಕುವ ಅತಿಥಿಯನ್ನು ನೆನೆದು ಫೋಟೊಗಳನ್ನು ಕಡಿಮೆ ಗಾತ್ರದ ವೆಬ್‌ಪಿ (WebP) ರೂಪಕ್ಕೆ ತಂದು ಕಿರಿದಾಗಿಸಿ. ಗೂಗಲ್ ಹುಡುಕಾಟದಲ್ಲೂ ಮ್ಯಾಪ್ಸ್‌ನಲ್ಲೂ ನಿಮ್ಮ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ. ತಾಣದಲ್ಲಿರುವ ಹೆಸರು, ವಿಳಾಸ, ನಂಬರ್‌ಗಳೇ ಅಲ್ಲಿಯೂ ಇರಲಿ.

ಬೇರೆ ತಾಣಗಳಿಂದ ನಿಮ್ಮ ತಾಣಕ್ಕೆ ಬರುವ ಕೊಂಡಿಗಳಿಗೆ (ಲಿಂಕ್‌ಗಳಿಗೆ) ಬೆಲೆಯಿದೆ. ಆದರೆ ಅವನ್ನು ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಇಷ್ಟು ಹಣಕ್ಕೆ ಇಷ್ಟು ಸಾವಿರ ಕೊಂಡಿ ಎಂದು ಕರೆ ಮಾಡುವವರನ್ನು ದಯವಿಟ್ಟು ನಂಬಬೇಡಿ. ಊರಿನ ಟ್ಯಾಕ್ಸಿಯವರು, ಚಾರಣ ತಂಡಗಳು, ನಿಮ್ಮಲ್ಲಿ ತಂಗಿಹೋದ ಬರಹಗಾರರು ತಾವಾಗಿ ಕೊಡುವ ನಾಲ್ಕು ಕೊಂಡಿಗಳೇ ಸಾಕು.

ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯನ್ನು ತೆರೆಯಿರಿ. ಹುಡುಕಾಟದಲ್ಲಿ ಹೆಚ್ಚು ಬಾರಿ ಕಾಣಿಸಿಕೊಂಡರೂ ಕ್ಲಿಕ್ ಸಿಗದ ಪುಟದ ಶೀರ್ಷಿಕೆಯನ್ನು ತಿದ್ದಿ. ಸರಾಸರಿ ಹತ್ತರಿಂದ ಇಪ್ಪತ್ತರೊಳಗಿನ ಸ್ಥಾನದಲ್ಲಿ ನಿಂತಿರುವ ಪುಟಕ್ಕೆ ಅದರಲ್ಲಿ ಬಿಟ್ಟುಹೋದ ಮಾಹಿತಿಯನ್ನು ಸೇರಿಸಿ. ಆ ವರದಿಯಲ್ಲಿ 16 ತಿಂಗಳ ಅಂಕಿಅಂಶ ಸಿಗುವುದರಿಂದ ಈ ಮಳೆಗಾಲವನ್ನು ಮಾರ್ಚ್ ತಿಂಗಳಿನೊಂದಿಗಲ್ಲ, ಹೋದ ವರ್ಷದ ಮಳೆಗಾಲದೊಂದಿಗೇ ಹೋಲಿಸಿ ನೋಡಿ.