ಅಪ್ಪ ಅಮ್ಮನ ಜೊತೆ ಜಪಾನ್: ಮೊದಲ ಸಲ ಹೋಗುವವರಿಗೆ ನನ್ನ ಅನುಭವ

ಕೆಲಸದ ಮೇಲೆ ನಾನು ಜಪಾನ್‌ಗೆ ಹೋಗಿ ಬರುತ್ತಿದ್ದೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬೇಕು ಅನ್ನೋ ಆಸೆ ಬಹಳ ಕಾಲದಿಂದ ಇತ್ತು. ಇಬ್ಬರೂ ಸಸ್ಯಾಹಾರಿಗಳು. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಶುಗರ್. ಕೊನೆಗೆ ಒಂದು ನವೆಂಬರ್‌ನಲ್ಲಿ ಹೊರಟು ಟೋಕಿಯೊ, ಕ್ಯೋಟೊ, ನಾರಾ, ಕೋಯಾಸಾನ್ ನೋಡಿಕೊಂಡು ಬಂದೆವು. ಆಮೇಲೆ ನೆಂಟರು, ಆಫೀಸಿನವರು ಫೋನ್ ಮಾಡಿ ಕೇಳುವುದು ಶುರುವಾಯಿತು. ಎಲ್ಲರಿಗೂ ನಾನು ಮೊದಲು ಹೇಳುವುದು ಇದು: ಜಪಾನ್‌ನಲ್ಲಿ ಮುಂಚೆಯೇ ತಿಳಿಸಿದರೆ ಎಷ್ಟೋ ಅನುಕೂಲ ಮಾಡಿಕೊಡುತ್ತಾರೆ. ಆ ಹೊತ್ತಿಗೆ ಹೋಗಿ ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂದರೆ ತಲೆಬಾಗಿ ಕ್ಷಮೆ ಕೇಳುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ.

ಇದು ವೀಸಾದಿಂದಲೇ ಶುರು. ಬೆಂಗಳೂರಿನಲ್ಲಿ ಅರ್ಜಿ ಕೊಡಬೇಕಾದ್ದು ವಿಎಫ್‌ಎಸ್ ಕೇಂದ್ರದಲ್ಲಿ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ಜೊತೆಗೆ ಯಾವ ದಿನ ಎಲ್ಲಿರುತ್ತೀರಿ, ಯಾವ ಹೋಟೆಲು ಅಂತ ದಿನದ ಲೆಕ್ಕದಲ್ಲಿ ಪಟ್ಟಿ ಕೊಡಬೇಕು. ಇದನ್ನು ಸುಮ್ನೆ ವೀಸಾಗೋಸ್ಕರ ಬರೆದು ಬಿಡಬೇಡಿ. ಆ ಪಟ್ಟಿಯನ್ನೇ ನಿಜವಾದ ಪ್ಲಾನ್ ಮಾಡಿಕೊಳ್ಳಿ. ನಾನು ಹಾಗೇ ಮಾಡಿದೆ. ಬರೆಯುತ್ತಾ ಹೋದಂತೆ ಊರುಗಳು ಜಾಸ್ತಿ ಆಗಿವೆ ಅಂತ ಗೊತ್ತಾಗಿ ಹಿರೋಶಿಮಾ, ಒಸಾಕಾ ಎರಡನ್ನೂ ಕೈಬಿಟ್ಟೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಒಂದೊಂದು ಊರಲ್ಲಿ ನಾಲ್ಕು ರಾತ್ರಿಯಾದರೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಾತ್ರೆಗಳ ವಿಷಯ ತುಂಬಾ ಮುಖ್ಯ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪತ್ರ ಪಡೆಯಬೇಕು. ನಮ್ಮಲ್ಲಿ ಸಲೀಸಾಗಿ ಸಿಗುವ ಕೆಲವು ನೆಗಡಿ, ಕೆಮ್ಮಿನ ಔಷಧಿಗಳಲ್ಲಿ ಸೂಡೋಎಫೆಡ್ರಿನ್, ಕೊಡೀನ್ ಇರುತ್ತವೆ. ಇವುಗಳ ಮೇಲೆ ಅಲ್ಲಿ ಬಿಗಿ ಕಾನೂನು ಇದೆ, ಪ್ರಮಾಣ ಮೀರಿದರೆ ತರುವ ಹಾಗೇ ಇಲ್ಲ. ಮನೆಯ ಔಷಧಿ ಡಬ್ಬವನ್ನು ಹಾಗೇ ಸೂಟ್‌ಕೇಸಿಗೆ ಸುರಿಯಬೇಡಿ. ಒಂದೊಂದರ ಹೆಸರು ಓದಿ, ಡಾಕ್ಟರ ಚೀಟಿ ಜೊತೆಗಿಟ್ಟುಕೊಂಡು ಒಯ್ಯಿರಿ. ಪ್ರಯಾಣದ ವಿಮೆ ಕೂಡ ಮಾಡಿಸಿ, ಅದರಲ್ಲಿ ಜಿಪುಣತನ ಬೇಡ.

ಬೆಂಗಳೂರಿನಿಂದ ಟೋಕಿಯೊ ಹತ್ತಿರದ ನರಿತಾ ಏರ್‌ಪೋರ್ಟಿಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಹೊರಡುವ ಮೊದಲೇ ‘ವಿಸಿಟ್ ಜಪಾನ್ ವೆಬ್’ನಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ತೆಗೆದಿಟ್ಟುಕೊಂಡರೆ ಇಮಿಗ್ರೇಷನ್ನು, ಕಸ್ಟಮ್ಸ್ ಎರಡಕ್ಕೂ ಆಗುತ್ತದೆ. ಅಪ್ಪ ಅಮ್ಮನ ಕೋಡ್‌ಗಳನ್ನು ಪ್ರಿಂಟ್ ಕೂಡ ತೆಗೆದು ಕೊಟ್ಟಿದ್ದೆ. ಹಣ್ಣು, ತರಕಾರಿ, ಕರಿಬೇವಿನ ಸೊಪ್ಪು ಇಂಥ ಹಸಿ ಪದಾರ್ಥ ಏನೂ ಬೇಡ. ಒಂದೇ ಒಂದು ಮಾವಿನಹಣ್ಣೂ ಬೇಡ.

ಹೋಟೆಲು ಆರಿಸುವಾಗ ಎಲ್ಲರೂ ಬೆಲೆ ನೋಡುತ್ತಾರೆ. ನಾನು ಸ್ಟೇಷನ್ನಿನಿಂದ ಎಷ್ಟು ದೂರ, ದಾರಿ ಸಮತಟ್ಟಾಗಿದೆಯಾ, ಸ್ಟೇಷನ್ನಿನ ಯಾವ ಬಾಗಿಲಲ್ಲಿ ಲಿಫ್ಟ್ ಇದೆ ಅಂತ ನೋಡಿದೆ. ಟೋಕಿಯೊದಲ್ಲಿ ನಾವು ಉಳಿದಿದ್ದು ಉಯೆನೊದಲ್ಲಿ. ನರಿತಾದಿಂದ ಸ್ಕೈಲೈನರ್ ರೈಲು ಸೀದಾ ಅಲ್ಲಿಗೇ ಬರುತ್ತದೆ, ಮುಕ್ಕಾಲು ಗಂಟೆ ಸಾಕು. ಪಕ್ಕದಲ್ಲೇ ದೊಡ್ಡ ಪಾರ್ಕು, ಕೂರಲು ಬೆಂಚುಗಳು. ಟೋಕಿಯೊದ ಬೀದಿಗಳಲ್ಲಿ ಬೆಂಚು ಸಿಗುವುದೇ ಕಷ್ಟ, ಇದು ಮಂಡಿನೋವು ಇರುವವರಿಗೆ ಮಾತ್ರ ಅರ್ಥ ಆಗುತ್ತದೆ. ರೂಮುಗಳು ಪುಟ್ಟವು. ಎರಡು ಸೂಟ್‌ಕೇಸು ಒಟ್ಟಿಗೆ ಬಿಚ್ಚಿಡಲು ಜಾಗ ಇರುವುದಿಲ್ಲ.

ಹಾಗಾಗಿ ಲಗೇಜಿನ ಬಗ್ಗೆ ಸ್ವಲ್ಪ ಹೇಳಬೇಕು. ಅಲ್ಲಿ ತಕ್ಯೂಬಿನ್ ಅನ್ನುವ ಸೇವೆ ಇದೆ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿರುವ ಕಪ್ಪು ಬೆಕ್ಕಿನ ಚಿತ್ರ ಇರುವ ಯಮಾತೊ ಕಂಪನಿಯ ಗಾಡಿಗಳು ಎಲ್ಲೆಲ್ಲೂ ಕಾಣುತ್ತವೆ. ಹೋಟೆಲಿನ ಕೌಂಟರಿನಲ್ಲಿ ಬೆಳಿಗ್ಗೆ ಸೂಟ್‌ಕೇಸು ಕೊಟ್ಟು, ಮುಂದಿನ ಊರಿನ ಹೋಟೆಲ್ ವಿಳಾಸ ಬರೆದರೆ ಸಾಮಾನ್ಯವಾಗಿ ಮರುದಿನ ಅಲ್ಲಿಗೆ ತಲುಪಿರುತ್ತದೆ. ಅಳತೆ, ದೂರ ನೋಡಿ ಒಂದಕ್ಕೆ ಎರಡು ಮೂರು ಸಾವಿರ ಯೆನ್ ಆಗುತ್ತದೆ. ಒಂದು ಯೆನ್ ಅಂದರೆ ಅರವತ್ತು ಪೈಸೆ ಆಸುಪಾಸು ಅಂತ ಲೆಕ್ಕ ಹಾಕಿಕೊಳ್ಳಿ. ನಡುವಿನ ಒಂದು ರಾತ್ರಿಗೆ ಬೇಕಾದ ಬಟ್ಟೆ, ಮಾತ್ರೆ ಒಂದು ಕೈಚೀಲದಲ್ಲಿ ಇದ್ದರೆ ಸಾಕು. ನಮ್ಮ ಪ್ರವಾಸದಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾದ ದುಡ್ಡು ಇದೇ. ಸೂಟ್‌ಕೇಸು ಎಳೆದುಕೊಂಡು ರೈಲು ಹತ್ತಲೇಬೇಕು ಅಂದರೆ ಒಂದು ನಿಯಮ ನೆನಪಿಡಿ. ಟೋಕಿಯೊ–ಕ್ಯೋಟೊ ಶಿಂಕನ್‌ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರಿದ ಲಗೇಜಿಗೆ ಮೊದಲೇ ಅದಕ್ಕಂತಲೇ ಇರುವ ಸೀಟು ಬುಕ್ ಮಾಡಬೇಕು. ಬುಕ್ ಮಾಡಲು ಹೆಚ್ಚುವರಿ ಹಣ ಇಲ್ಲ. ಮಾಡದೆ ಹತ್ತಿದರೆ 1,000 ಯೆನ್ ಕಟ್ಟಬೇಕು.

ಗೊತ್ತಾದ ದಿನಗಳ ತನಕ ರೈಲುಗಳಲ್ಲಿ ಓಡಾಡಲು ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ತಗೊಳ್ಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹಿಂದೆ ಅದು ಲಾಭವೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಸಾಮಾನ್ಯ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಹೋಗಿ ಬರಲು ಆಗುವುದು ಹೆಚ್ಚುಕಮ್ಮಿ 28,000 ಯೆನ್. ಮೊದಲ ಸಲ ಹೋಗುವವರು ನೋಡುವ ಊರುಗಳಿಗೆ ಪಾಸ್ ಬೇಕಿಲ್ಲ. ನಾನು ಸ್ಮಾರ್ಟ್‌ಇಎಕ್ಸ್ ಆ್ಯಪಿನಲ್ಲಿ ಟಿಕೆಟ್ ತಗೊಂಡೆ. ಟೋಕಿಯೊದಿಂದ ಹೊರಟಾಗ ಬಲಗಡೆಯ ‘ಇ’ ಸೀಟು ಕಿಟಕಿಯದು, ಮೋಡ ಇಲ್ಲದಿದ್ದರೆ ಫುಜಿ ಪರ್ವತ ಕಾಣುತ್ತದೆ. ಅಪ್ಪನಿಗೆ ಅದನ್ನೇ ಕೊಡಿಸಿದ್ದೆ. ಫುಜಿ ಮರೆಯಾಗುವವರೆಗೂ ಅವರು ಮಾತೇ ಆಡಲಿಲ್ಲ.

ಊರೊಳಗಿನ ರೈಲು, ಬಸ್ಸಿಗೆ ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಸುಯಿಕಾ ಥರದ ಕಾರ್ಡು ಸಾಕು. ತಲೆಗೊಂದು ಕಾರ್ಡು ಬೇಕು, ಒಂದೇ ಕಾರ್ಡನ್ನು ಇಬ್ಬರು ಉಜ್ಜುವ ಹಾಗಿಲ್ಲ. ಪ್ರವಾಸಿಗರ ವೆಲ್‌ಕಮ್ ಸುಯಿಕಾ 28 ದಿನ ನಡೆಯುತ್ತದೆ. ಅಂಗಡಿಗಳಲ್ಲೂ ಅದರಿಂದಲೇ ದುಡ್ಡು ಕೊಡಬಹುದು. ಕ್ಯಾಶ್ ಬೇಕಾದಾಗ ಸೆವೆನ್ ಇಲೆವೆನ್ ಅಂಗಡಿಯ ಎಟಿಎಂನಲ್ಲಿ ನಮ್ಮ ಕಾರ್ಡುಗಳು ನಡೆಯುತ್ತವೆ.

ಸುಸ್ತು ಮಾಡುವುದು ಊರಿಂದೂರಿಗಿನ ದೂರ ಅಲ್ಲ, ಸ್ಟೇಷನ್ ಒಳಗಿನ ನಡಿಗೆ. ಶಿಂಜುಕು ಸ್ಟೇಷನ್ನಿಗೆ ಹೊರಹೋಗುವ ದಾರಿಗಳೇ 200ಕ್ಕೂ ಹೆಚ್ಚು. ತಪ್ಪು ದಾರಿಯಲ್ಲಿ ಮೇಲೆ ಬಂದರೆ ಹದಿನೈದು ನಿಮಿಷ ಸುತ್ತಬೇಕು. ಹಿಂದಿನ ರಾತ್ರಿಯೇ ನಾನು ಮರುದಿನದ ಪ್ರತಿ ಸ್ಟೇಷನ್ನಿನ ಹೆಸರು, ಲೈನಿನ ಬಣ್ಣ, ಹೊರಹೋಗುವ ದಾರಿಯ ನಂಬರು, ಲಿಫ್ಟ್ ಎಲ್ಲಿದೆ ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಗೂಗಲ್ ಮ್ಯಾಪ್ ಎಷ್ಟೋ ಕಡೆ ಯಾವ ಬೋಗಿ ಹತ್ತಿದರೆ ಅನುಕೂಲ ಅನ್ನೋದನ್ನೂ ಹೇಳುತ್ತದೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ ತನಕ ಆಫೀಸಿಗೆ ಹೋಗುವವರ ನೂಕುನುಗ್ಗಲು, ಆಗ ಅಪ್ಪ ಅಮ್ಮನನ್ನು ಟೋಕಿಯೊದ ರೈಲು ಹತ್ತಿಸಲೇ ಇಲ್ಲ. ಆರಾಮಾಗಿ ಕಾಫಿ ಕುಡಿದು ಹತ್ತಕ್ಕೆ ಹೊರಡುತ್ತಿದ್ದೆವು.

ಇನ್ನು ಊಟ. ನಮ್ಮ ಕಡೆಯವರಿಗೆ ದೊಡ್ಡ ಚಿಂತೆ ಇದೇ ಅಲ್ವಾ. ಮಾಂಸ ಬೇಡ ಅಂದರೆ ಅವರಿಗೆ ಬೇಗ ಅರ್ಥ ಆಗುತ್ತದೆ. ಕಷ್ಟ ಇರುವುದು ದಾಶಿಯಲ್ಲಿ. ಒಣಗಿಸಿ ಹೊಗೆಯಲ್ಲಿಟ್ಟ ಮೀನಿನ ತುರಿಯಿಂದ ಬಸಿದ ತಿಳಿನೀರು ಅದು. ಮಿಸೊ ಸೂಪು, ಉದೊನ್, ಸೋಬಾ ನೂಡಲ್ಸ್, ಬೇಯಿಸಿದ ತರಕಾರಿ, ಸಿಹಿ ಮೊಟ್ಟೆ ದೋಸೆ, ಎಲ್ಲದರ ಬುಡದಲ್ಲೂ ಅದೇ ಇರುತ್ತದೆ. ಕಣ್ಣಿಗೆ ಬರೀ ತರಕಾರಿ ಕಾಣುತ್ತದೆ. ಬಡಿಸುವವರೂ ಎಷ್ಟೋ ಸಲ ಅದನ್ನು ಮೀನು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ತರಕಾರಿ ಕರಿ ರೈಸ್‌ನ ಸಾಸಿನಲ್ಲೂ ದನದ ಅಥವಾ ಹಂದಿಯ ಕೊಬ್ಬು ಇರಬಹುದು. ಅದಕ್ಕೆ ಜಪಾನಿ ಭಾಷೆಯಲ್ಲಿ ಒಂದು ಕಾರ್ಡು ಪ್ರಿಂಟ್ ಮಾಡಿಸಿಕೊಂಡಿದ್ದೆ. ಮಾಂಸ, ಮೀನು, ಸಿಗಡಿ, ಮೀನಿನ ದಾಶಿ ಬೇಡ, ಹಾಲು ಮೊಸರು ಆಗುತ್ತದೆ, ಕಡಲಪಾಚಿಯ ದಾಶಿ ಕೂಡ ಆಗುತ್ತದೆ ಅಂತ. ಬಾಯಲ್ಲಿ ಹೇಳಲು ಇಷ್ಟು ಸಾಕು: ‘ನಿಕು ತೊ ಸಕಾನ ವಾ ತಬೆಮಾಸೆನ್. ಕಾತ್ಸುಓ ದಾಶಿ ಮೊ ದಾಮೆ ದೆಸ್.’

ಕಾರ್ಡು ತೋರಿಸಿದರೂ ಎಷ್ಟೋ ಕಡೆ ಆಗುವುದಿಲ್ಲ ಅಂತಲೇ ಹೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಸಾರು, ಸಾಸು ಬೆಳಿಗ್ಗೆಯೇ ತಯಾರಾಗಿರುತ್ತದೆ, ಅದರಿಂದ ದಾಶಿ ಬೇರೆ ಮಾಡಲು ಆಗುವುದಿಲ್ಲ. ಕೊಟ್ಟು ಮೋಸ ಮಾಡುವುದಕ್ಕಿಂತ ಇಲ್ಲ ಅನ್ನುವುದು ಅವರ ಪ್ರಾಮಾಣಿಕತೆ. ಆದ್ದರಿಂದ ಸಸ್ಯಾಹಾರದ ಜಾಗಗಳನ್ನು ಮೊದಲೇ ಮ್ಯಾಪಿನಲ್ಲಿ ಗುರುತು ಮಾಡಿಕೊಂಡು, ಅದರ ಸುತ್ತ ದಿನದ ತಿರುಗಾಟ ಇಟ್ಟುಕೊಳ್ಳಿ. ಟೋಕಿಯೊ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೆ ಟೀಸ್ ತಾನ್‌ತಾನ್ ಅನ್ನುವ ಜಾಗ ಇದೆ. ಅಲ್ಲಿಯ ರಾಮೆನ್ ನೂಡಲ್ಸ್ ಪೂರ್ತಿ ಸಸ್ಯಾಹಾರ, ಎಳ್ಳಿನ ಸಾರು. ಅಮ್ಮ ಬಟ್ಟಲು ಎತ್ತಿ ಕುಡಿದು ಮುಗಿಸಿದರು. ಟೋಕಿಯೊದಲ್ಲೇ ನಿಶಿ ಕಸಾಯಿ ಕಡೆ ಭಾರತೀಯರು ಜಾಸ್ತಿ, ನಮ್ಮ ಊಟ, ದಿನಸಿ ಎರಡೂ ಸಿಗುತ್ತವೆ.

ಬೆಳಿಗ್ಗೆ, ರಾತ್ರಿಯ ಊಟಕ್ಕೆ ನಾವು ಮಾಡಿಕೊಂಡ ದಾರಿ ಬೇರೆ. ಸೂಪರ್ ಮಾರ್ಕೆಟ್ಟಿನಲ್ಲಿ, ಸಣ್ಣ ಅಂಗಡಿಗಳಲ್ಲಿ ಬೇಯಿಸಿದ ಅನ್ನದ ಪ್ಯಾಕೆಟ್ ಸಿಗುತ್ತದೆ. ಮೈಕ್ರೋವೇವಿನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ. ಸಕ್ಕರೆ ಹಾಕದ ಗಟ್ಟಿ ಮೊಸರೂ ಎಲ್ಲ ಕಡೆ ಇರುತ್ತದೆ. ಜಪಾನಿನ ಅಕ್ಕಿ ಸ್ವಲ್ಪ ಅಂಟು, ಹಾಗಾಗಿ ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮನೆಯಿಂದ ಉಪ್ಪಿನಕಾಯಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿಯ ಪುಡಿ ಒಯ್ದಿದ್ದೆವು. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಹೆಚ್ಚುಕಮ್ಮಿ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ನಮ್ಮ ಕೆಟಲ್, ಕುಕ್ಕರ್ ಒಯ್ಯಬೇಡಿ, ಅಲ್ಲಿಯ ಕರೆಂಟು 100 ವೋಲ್ಟ್, ಅವು ಸರಿಯಾಗಿ ಕಾಯುವುದಿಲ್ಲ. ಫೋನ್ ಚಾರ್ಜರಿಗೆ ಚಪ್ಪಟೆ ಎರಡು ಪಿನ್ನಿನ ಅಡಾಪ್ಟರ್ ಸಾಕು. ದಾರಿಯಲ್ಲಿ ಹಸಿವಾದರೆ ಸುಟ್ಟ ಗೆಣಸು ತಗೊಳ್ಳಿ. ಚಳಿಗಾಲದಲ್ಲಿ ಅಂಗಡಿ ಬಾಗಿಲಲ್ಲೇ ಬಿಸಿಬಿಸಿ ಇಟ್ಟಿರುತ್ತಾರೆ, ಜೇನಿನಷ್ಟು ಸಿಹಿ. ಅಪ್ಪನಿಗೆ ಮಾತ್ರ ಲೆಕ್ಕ ಹಾಕಿ ಕೊಡಬೇಕಾಯಿತು.

ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ಅಡಿಗೆಯೇ ಇಲ್ಲ ಅನ್ನುವ ಮಾತು ನನಗೆ ನೋವು ಕೊಡುತ್ತದೆ. ಬೌದ್ಧ ದೇವಸ್ಥಾನಗಳ ಶೋಜಿನ್ ರ್‍ಯೋರಿ ಅಂತ ಒಂದು ಅಡಿಗೆ ಪದ್ಧತಿಯೇ ಇದೆ. ಮಾಂಸ ಮೀನು ಇಲ್ಲ, ಸಂಪ್ರದಾಯದಂತೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡಿಗೆಯವರಿಗೂ ಒಪ್ಪುವಂಥದ್ದು. ಕ್ಯೋಟೊದ ಅರಾಶಿಯಾಮಾದಲ್ಲಿ ತೆನ್‌ರ್‍ಯೂಜಿ ದೇವಸ್ಥಾನದ ಶಿಗೆತ್ಸು ಅನ್ನುವ ಊಟದ ಮನೆಯಲ್ಲಿ ಮಧ್ಯಾಹ್ನದ ಊಟ ಮಾಡಿದೆವು. ಎಳ್ಳಿನ ತೋಫು, ಸೋಯಾ ಹಾಲಿನ ಕೆನೆಯಾದ ಯೂಬಾ, ಬದನೆಕಾಯಿ, ಉಪ್ಪಿನಲ್ಲಿಟ್ಟ ತರಕಾರಿ. ಕೆಂಪು ತಟ್ಟೆ, ಕೆಂಪು ಬಟ್ಟಲುಗಳಲ್ಲಿ ಒಂದೊಂದೇ ತಂದಿಟ್ಟರು.

ಅದಕ್ಕಿಂತ ಹೆಚ್ಚು ಮನಸ್ಸು ತುಂಬಿದ್ದು ಕೋಯಾಸಾನ್‌ನಲ್ಲಿ. ಕೂಕೈ ಎಂಬ ಭಿಕ್ಷು 816ರ ಹೊತ್ತಿಗೆ ಕಟ್ಟಲು ಶುರುಮಾಡಿದ ಬೆಟ್ಟದ ಊರು ಅದು. ಒಸಾಕಾದ ನಂಬಾದಿಂದ ನಂಕಾಯಿ ರೈಲು, ಆಮೇಲೆ ಕೇಬಲ್ ಕಾರು. ಐವತ್ತರಷ್ಟು ದೇವಸ್ಥಾನಗಳಲ್ಲಿ ಯಾತ್ರಿಕರಿಗೆ ಉಳಿಯಲು ಕೊಡುತ್ತಾರೆ, ಊಟ ಶೋಜಿನ್ ಪದ್ಧತಿಯದು. ಬುಕ್ ಮಾಡುವಾಗಲೇ ಮೀನಿನ ದಾಶಿ ಬೇಡ, ಅಮ್ಮನಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ ಅಂತ ಬರೆದಿದ್ದೆ. ನಾವು ಹೋಗುವಷ್ಟರಲ್ಲಿ ಗಿಡ್ಡ ಕುರ್ಚಿ ಇಟ್ಟು ಕಾಯುತ್ತಿದ್ದರು. ಬೆಳಿಗ್ಗೆ ಪೂಜೆ ಇರುತ್ತದೆ. ಕೆಲವು ದೇವಸ್ಥಾನಗಳಲ್ಲಿ ಅಗ್ನಿಗೆ ಆಹುತಿ ಕೊಡುವ ಗೋಮಾ ವಿಧಿ ಕೂಡ ನಡೆಯುತ್ತದೆ. ನಮ್ಮ ಹೋಮವೇ ಬೌದ್ಧರ ಜೊತೆ ಚೀನಾ ಮೂಲಕ ಅಲ್ಲಿಗೆ ಹೋಗಿದ್ದು. ಅಪ್ಪ ಕೈಮುಗಿದು ಕೂತರು. ಒಂದು ರಾತ್ರಿಯ ಬೆಲೆ ಜಾಸ್ತಿಯೇ. ಆದರೂ ಬೇರೆ ಏನನ್ನಾದರೂ ಬಿಟ್ಟು ಇದನ್ನು ಉಳಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಚಳಿಗೆ ಮಾತ್ರ ಸ್ವೆಟರು, ದಪ್ಪ ಕಾಲುಚೀಲ ಬೇಕೇ ಬೇಕು. ಊರು ಇರುವುದು 800 ಮೀಟರ್ ಎತ್ತರದಲ್ಲಿ.

ಕ್ಯೋಟೊದಲ್ಲಿ ಬಸ್ಸುಗಳು ತುಂಬಿ ತುಳುಕುತ್ತವೆ. ಮೂರು ಜನ ಇದ್ದರೆ ಹತ್ತಿರದ ಜಾಗಗಳಿಗೆ ಟ್ಯಾಕ್ಸಿ ಹಿಡಿಯಿರಿ. ಬಾಗಿಲು ತಾನಾಗೇ ತೆರೆಯುತ್ತದೆ, ಎಳೆಯಬೇಡಿ. ಫುಶಿಮಿ ಇನಾರಿ ದೇವಸ್ಥಾನಕ್ಕೆ ಬೆಳಿಗ್ಗೆ ಏಳರೊಳಗೆ ಹೋದರೆ ಕೆಂಪು ಕಮಾನುಗಳ ಸಾಲು ನಿಮಗೇ ಬಿಟ್ಟ ಹಾಗಿರುತ್ತದೆ. ಬೆಟ್ಟದ ತುದಿಯ ತನಕ ಹತ್ತಲೇಬೇಕು ಅಂತೇನಿಲ್ಲ. ನಾರಾಗೆ ಒಂದು ದಿನ ಇಟ್ಟುಕೊಳ್ಳಿ. ಅಲ್ಲಿಯ ತೋದಾಯಿಜಿ ದೇವಸ್ಥಾನದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ತೆರೆಸುವ ವಿಧಿ ಮಾಡಿದವರು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಅಲ್ಲಿ ನಿಂತು ಅಪ್ಪನಿಗೆ ಇದನ್ನು ಹೇಳಿದಾಗ ಇನ್ನೊಂದು ಸುತ್ತು ಹಾಕೋಣ ಅಂದರು.

ಸಣ್ಣಪುಟ್ಟ ಸಂಗತಿಗಳು ಕೆಲವು. ರೈಲಿನಲ್ಲಿ ಫೋನಿನಲ್ಲಿ ಮಾತಾಡುವುದಿಲ್ಲ, ಊರಿಗೆ ವಿಡಿಯೊ ಕಾಲ್ ರೂಮಿಗೆ ಬಂದ ಮೇಲೆ. ಕಸದ ಬುಟ್ಟಿ ಬೀದಿಯಲ್ಲಿ ಸಿಗುವುದಿಲ್ಲ, ಚೀಲದಲ್ಲೊಂದು ಪ್ಲಾಸ್ಟಿಕ್ ಕವರ್ ಇರಲಿ. ಕೈ ಒರೆಸಲು ಕರವಸ್ತ್ರ ಇರಲಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಚಪ್ಪಲಿ, ಬೂಟು ಬಿಚ್ಚುವ ಜಾಗಗಳು ಜಾಸ್ತಿ, ಲೇಸ್ ಇಲ್ಲದ ಬೂಟು ಹಾಕಿಸಿ. ಪಾಸ್‌ಪೋರ್ಟ್ ಯಾವಾಗಲೂ ಮೈಮೇಲೇ ಇರಬೇಕು, ಅದು ಅಲ್ಲಿಯ ಕಾನೂನು. ಪೊಲೀಸರಿಗೆ 110, ಆಂಬುಲೆನ್ಸಿಗೆ 119. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ, ಆಗಸ್ಟ್ ನಡುವೆ, ಹೊಸ ವರ್ಷದ ಹೊತ್ತಿಗೆ ಅವರದೇ ರಜೆಗಳು. ಆಗ ಹೋಗದಿರುವುದು ವಾಸಿ.

ವಾಪಸ್ ಬರುವಾಗ ಸೂಟ್‌ಕೇಸನ್ನು ಏರ್‌ಪೋರ್ಟಿಗೂ ಕಳಿಸಬಹುದು, ಎರಡು ದಿನ ಮುಂಚೆ ಕೊಟ್ಟಿರಬೇಕು. ತೆರಿಗೆ ವಿನಾಯಿತಿಯಲ್ಲಿ ಸಾಮಾನು ಕೊಳ್ಳುವವರು ಗಮನಿಸಿ: 2026ರ ನವೆಂಬರ್ 1ರಿಂದ ಅಂಗಡಿಯಲ್ಲಿ ಪೂರ್ತಿ ತೆರಿಗೆ ಕಟ್ಟಿ, ಹೊರಡುವಾಗ ಕಸ್ಟಮ್ಸ್‌ನವರು ನೋಡಿದ ಮೇಲೆ ವಾಪಸ್ ಪಡೆಯುವ ಪದ್ಧತಿ ಬರುತ್ತದೆ. ಹಾಗೆ ಕೊಂಡದ್ದನ್ನು ಮುಂಚೆ ಕಳಿಸುವ ಸೂಟ್‌ಕೇಸಿನ ತಳದಲ್ಲಿ ತುಂಬಬೇಡಿ. ಬೇರೆ ಚೀಲದಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಏರ್‌ಪೋರ್ಟಿಗೆ ಮಾಮೂಲಿಗಿಂತ ಒಂದು ಗಂಟೆ ಮುಂಚೆಯೇ ಹೋಗಿ.